ಸಂಬಳ ಕೇಳಬೇಡಿ, ಹೂವು ತಗೊಳ್ಳಿ

ಅರ್ಥಶಾಸ್ತ್ರದ ನೊಬೆಲ್ ಈ ಸಲ ನಮ್ಮ ಸರ್ಕಾರಕ್ಕೇ ಬರಬೇಕು. ತಮಾಷೆ ಅಲ್ಲ. ಮನೆ ಮನೆಗೆ ಹೋಗಿ ಜನರ ಆರೋಗ್ಯ ವಿಚಾರಿಸುವ ಸುಮಾರು 10 ಲಕ್ಷ ಹೆಂಗಸರಿಂದ, ಅಂದರೆ ಆಶಾ ಕಾರ್ಯಕರ್ತೆಯರಿಂದ, ಊರೂರಲ್ಲೂ ಕೆಲಸ ತೆಗೆದು, ಇವರಲ್ಲಿ ಒಬ್ಬರೂ ನಮ್ಮ ನೌಕರರಲ್ಲ ಅಂತ ವರ್ಷಗಟ್ಟಲೆ ಮುಖ ಗಂಟು ಹಾಕಿಕೊಳ್ಳದೆ ಹೇಳಿಕೊಂಡು ಬಂದಿರುವ ಧಣಿ ಇನ್ನೊಬ್ಬರಿದ್ದರೆ ತೋರಿಸಿ ನೋಡೋಣ.

2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗಲೇ ಎಲ್ಲ ಬರೆದಿಟ್ಟಿದ್ದರು. ಸಾವಿರ ಜನಕ್ಕೆ ಒಬ್ಬ ಆಶಾ. ಅದೇ ಊರಿನವಳಾಗಿರಬೇಕು. ಸಂಬಳ ಇಲ್ಲ, ಸ್ವಯಂಸೇವೆ. ಆದರೆ ಈ ಕೆಲಸ ಆಕೆಯ ಎಂದಿನ ದುಡಿಮೆಗೆ ಅಡ್ಡಿಯಾಗಬಾರದು. ಎಂಥಾ ಕಾಳಜಿ! ಊರಿನ ಬಸುರಿಯರು ಮಾತ್ರ ಈ ಮಾರ್ಗಸೂಚಿ ಓದಿಲ್ಲ ಅನ್ನಿಸುತ್ತದೆ, ನಡುರಾತ್ರಿಯಲ್ಲೇ ನೋವು ಬರಿಸಿಕೊಳ್ಳುತ್ತಾರೆ. 108ಕ್ಕೆ ಫೋನ್ ಮಾಡಿ, ತಾಯಿ ಕಾರ್ಡ್ ಹುಡುಕಿ, ಜೊತೆಗೆ ಆಸ್ಪತ್ರೆಗೆ ಹೋಗಿ, ಬೆಳಗ್ಗೆ ಬಸ್ಸಿಗೆ ಕಾದು ವಾಪಸ್ ಬಂದರೆ ಅವತ್ತೇ ಸೊಳ್ಳೆ ಲಾರ್ವಾ ಸರ್ವೆ. ಮುಗಿದರೆ ಲಸಿಕೆ ದಿನ. ಅದೂ ಮುಗಿದರೆ ಕ್ಷಯದ ಕಫ ಮಾದರಿ, ಕುಷ್ಠರೋಗದ ಸರ್ವೆ, ಪಲ್ಸ್ ಪೋಲಿಯೊ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೀಟಿಂಗ್. ಎಂದಿನ ದುಡಿಮೆಗೆ ಅಡ್ಡಿಯೇನೂ ಇಲ್ಲ, ಅದಕ್ಕೆ ಟೈಮೇ ಉಳಿದಿಲ್ಲವಲ್ಲ.

ಹಾಗಂತ ಪುಕ್ಕಟೆ ದುಡಿಸುತ್ತಾರೆ ಅಂತ ತಿಳಿಯಬೇಡಿ. ಪ್ರೋತ್ಸಾಹಧನ ಇದೆ! ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಬಾಣಂತಿಯ ಮನೆಗೆ ಹೋಗಿ ಮಗುವಿನ ತೂಕ, ಮೈಬಿಸಿ, ಹಾಲು ಕುಡಿಯೋದು, ಹೊಕ್ಕುಳು ಎಲ್ಲ ನೋಡಿದರೆ ಒಟ್ಟು 250 ರೂಪಾಯಿ. ಭಾಗಿಸಿ ನೋಡಿ, ಒಂದು ಭೇಟಿಗೆ 42 ರೂಪಾಯಿಯೂ ಬೀಳುವುದಿಲ್ಲ. ಇನ್ನೊಂದು ಷರತ್ತು ಕೇಳಿ: 42ನೇ ದಿನದವರೆಗೆ ತಾಯಿ, ಮಗು ಇಬ್ಬರೂ ಕ್ಷೇಮವಾಗಿರಬೇಕು. ಆಸ್ಪತ್ರೆಯಲ್ಲಿ ಡಾಕ್ಟರ್ ಇಲ್ಲದಿದ್ದರೂ, ಆಂಬುಲೆನ್ಸ್ ತಡವಾದರೂ, ರಸ್ತೆಯೇ ಇಲ್ಲದಿದ್ದರೂ ಬೇರೆ ಯಾರ ಸಂಬಳಕ್ಕೂ ಕೈ ಬೀಳುವುದಿಲ್ಲ. ಸಾವಿನ ಜಾಮೀನು ಹಾಕಿರೋದು ಈಕೆಯ 250 ರೂಪಾಯಿಯ ಮೇಲೆ ಮಾತ್ರ.

ಸರಿ, ಇಬ್ಬರೂ ಗಟ್ಟಿಯಾಗಿದ್ದಾರೆ ಅಂದುಕೊಳ್ಳಿ. ಅಷ್ಟಕ್ಕೇ ದುಡ್ಡು ಬಂತಾ? ಇನ್ನೂ ಪೋರ್ಟಲ್ ಒಪ್ಪಬೇಕು. ಮಗು ತೊಟ್ಟಿಲಲ್ಲಿ ಕಿರುಚುತ್ತಿದ್ದರೂ ತಾಯಿ-ಮಕ್ಕಳ ಲೆಕ್ಕ ಇಡುವ ಸರ್ಕಾರದ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಏರದಿದ್ದರೆ ಅದು ಹುಟ್ಟಿದ ಲೆಕ್ಕವಿಲ್ಲ. ಎಂಟ್ರಿ ಮಾಡುವವರು ಬೇರೆ ಯಾರೋ, ಸರ್ವರ್ ಇರೋದು ಇನ್ನೆಲ್ಲೋ, ದುಡ್ಡು ಕಟ್ಟಾಗೋದು ಮಾತ್ರ ಮನೆ ಮನೆ ತಿರುಗಿದವಳಿಗೆ. ಈ ಪೋರ್ಟಲ್ ಗಂಟು ಬಿಚ್ಚಿ ಅಂತ ನಮ್ಮ ರಾಜ್ಯದ ಆಶಾಗಳು ಕೇಳುತ್ತಲೇ ಇದ್ದಾರೆ. ಕೇಳಿಸಿಕೊಳ್ಳುವವರ ಸರ್ವರ್ ಕೂಡ ಡೌನ್ ಇರಬೇಕು.

ಗೌರವದ ವಿಷಯದಲ್ಲಿ ಮಾತ್ರ ನಾವು ಕಂಜೂಸ್ ಅಲ್ಲ. ಕೊರೊನಾ ಕಾಲದಲ್ಲಿ ಚಪ್ಪಾಳೆ ತಟ್ಟಿದೆವು, ಜಾಗಟೆ ಬಾರಿಸಿದೆವು, 2020ರ ಮೇ 3ರಂದು ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂವು ಸುರಿಸಿದವು. ಪಾಪ, ಆ ಹೊತ್ತಿಗೆ ಆಶಾ ಆಸ್ಪತ್ರೆಯಲ್ಲಿರಲಿಲ್ಲ, ಯಾರ ಮನೆಗೆ ಬೆಂಗಳೂರಿಂದ ಯಾರು ಬಂದರು ಅಂತ ಪಟ್ಟಿ ಮಾಡುತ್ತಾ ಬೈಸಿಕೊಳ್ಳುತ್ತಿದ್ದಳು. ಆ ಕೆಲಸಕ್ಕೆ ತಿಂಗಳಿಗೆ 1000 ರೂಪಾಯಿ ಹೆಚ್ಚುವರಿ ಕೊಡುತ್ತೇವೆ ಅಂದರು. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಷ್ಟೂ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಆದರೆ ಪ್ರಶಸ್ತಿ ತೋರಿಸಿದರೆ ಅಂಗಡಿಯವನು ಅಕ್ಕಿ ಕೊಡಲ್ಲ ನೋಡಿ, ಅದಕ್ಕೇ 2025ರ ಜನವರಿಯಲ್ಲಿ ಗುಲಾಬಿ ಸೀರೆಯ ನಮ್ಮ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಚಳಿಯಲ್ಲಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಅಂತ ಮಾತು ಸಿಕ್ಕಿತು. ಆಗಸ್ಟ್‌ನಲ್ಲಿ ಆ ಮಾತನ್ನೇ ನೆನಪಿಸಲು ಮತ್ತೆ ಬೀದಿಗಿಳಿದರು.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅದೇ ವರ್ಷ ಫೆಬ್ರವರಿಯಲ್ಲಿ ಕೇರಳದ ಆಶಾಗಳು ಮುಷ್ಕರ ಕೂತಾಗ ಅಲ್ಲಿನ ಸರ್ಕಾರದ ಕಡೆಯಿಂದ ಹೊರಟ ಸೂಚನೆ ಏನು ಗೊತ್ತಾ? ಕೂಡಲೇ ಕೆಲಸಕ್ಕೆ ಮರಳಿ, ಇಲ್ಲದಿದ್ದರೆ ಬದಲಿ ವ್ಯವಸ್ಥೆ ಮಾಡುತ್ತೇವೆ! ಅಲ್ಲ ಸ್ವಾಮಿ, ಇವರೆಲ್ಲ ಸ್ವಂತ ಖುಷಿಗೆ ಸೇವೆ ಮಾಡುವವರು ಅಂತ ನೀವೇ ಹೇಳಿದ್ದಲ್ವಾ? ಕೆಲಸಕ್ಕೇ ಇಟ್ಟುಕೊಳ್ಳದವರಿಗೆ ಗೈರುಹಾಜರಿ ಹಾಕೋದು ಯಾವ ರಿಜಿಸ್ಟರಿನಲ್ಲಿ?