ಸಿಗ್ನಲ್ ಸಿಗದ ಮೂಲೆ ಮತ್ತು ಕಪಾಟಿನ ಹಿಂದಿನ ರೌಟರ್

ಧಾರವಾಡದಲ್ಲಿ ನಾನು ನೆಟ್‌ವರ್ಕ್ ನೋಡಿಕೊಳ್ಳುವ ಕಚೇರಿ ಹಳೆಯ ಕಲ್ಲುಗೋಡೆಯ ಕಟ್ಟಡದಲ್ಲಿದೆ. ಕಳೆದ ಮಳೆಗಾಲದ ಒಂದು ಸೋಮವಾರ ಬೆಳಿಗ್ಗೆ ಅಲ್ಲಿ ಅರ್ಧ ಜನರಿಗೆ ಇಂಟರ್ನೆಟ್ ಇತ್ತು, ಇನ್ನರ್ಧ ಜನರಿಗೆ ಇರಲಿಲ್ಲ. ಲೈನ್ ಸರಿಯಿತ್ತು, ಕಚೇರಿಯ ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ ಎಂಬ ಪೆಟ್ಟಿಗೆಯೂ ಸರಿಯಿತ್ತು. ನೆಟ್ ಇಲ್ಲದ ಒಂದು ಕಂಪ್ಯೂಟರಿನ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ತೆಗೆದು ನೋಡಿದರೆ ಅದು ನಮ್ಮ ಕಚೇರಿಯ ವಿಳಾಸಗಳ ಸರಣಿಯದೇ ಅಲ್ಲ, 192.168.0 ಎಂದು ಶುರುವಾಗುವ, ಮನೆಯ ರೌಟರುಗಳು ಹಂಚುವಂಥ ವಿಳಾಸ.

ಆ ವಿಳಾಸ ಕೊಟ್ಟ ಸಾಧನದ ಮ್ಯಾಕ್ ಸಂಖ್ಯೆ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಹಿಡಿದು, ಸ್ವಿಚ್ಚಿನ ಪಟ್ಟಿಯಲ್ಲಿ ಅದು ಯಾವ ಪೋರ್ಟಿನಲ್ಲಿದೆ, ಅಂದರೆ ಕೇಬಲ್ ಸಿಕ್ಕಿಸುವ ಯಾವ ಕಿಂಡಿಯಲ್ಲಿದೆ, ಎಂದು ಹುಡುಕಿ, ಕೇಬಲ್ಲಿನ ಬೆನ್ನುಹತ್ತಿ ಹೋದಾಗ ಅದು ಲೆಕ್ಕಪತ್ರ ವಿಭಾಗದ ಕಬ್ಬಿಣದ ಕಪಾಟಿನ ಹಿಂದೆ ಸೇರಿತ್ತು. ಅಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಡತಗಳ ಮೇಲೆ, ಒಂದು ಆಂಟೆನಾ ಮುರಿದ ಹಳೆಯ ರೌಟರ್ ಹಸಿರು ದೀಪ ಮಿಟುಕಿಸುತ್ತ ಕೂತಿತ್ತು. ಕೇಬಲ್ಲನ್ನು ಹೊರಗಿನಿಂದ ಇಂಟರ್ನೆಟ್ ಪಡೆಯುವ ವ್ಯಾನ್ (WAN) ಪೋರ್ಟಿಗೆ ಹಾಕುವ ಬದಲು, ಒಳಗಿನ ಕಂಪ್ಯೂಟರುಗಳಿಗಾಗಿ ಇರುವ ಲ್ಯಾನ್ (LAN) ಪೋರ್ಟಿಗೆ ಹಾಕಿದ್ದರಿಂದ ಅದು ಇಡೀ ಕಚೇರಿಗೆ ವಿಳಾಸ ಹಂಚಲು ನಿಂತಿತ್ತು; ಅದರ ವಿಳಾಸ ಸಿಕ್ಕವರಿಗೆ ನೆಟ್ ಇರಲಿಲ್ಲ. ಪಾಸ್‌ವರ್ಡ್ ಇರಲಿಲ್ಲ; ರಸ್ತೆಯಲ್ಲಿ ನಿಂತವರೂ ನಮ್ಮ ಒಳಗಿನ ಜಾಲಕ್ಕೆ ಬರಬಹುದಿತ್ತು.

"ಏನ್ ಮಾಡೋದ್ರಿ ಸರ್, ಈ ಕಡೆ ನೆಟ್ ಬರಂಗಿಲ್ಲ. ಮೂರ್ ಸಲ ಹೇಳೇವಿ, ಯಾರೂ ಬರಲಿಲ್ಲ. ಕಡೀಕ ಮನ್ಯಾಗಿಂದು ತಂದ್ ಹಚ್ಚಿದ್ವಿ" ಎಂದರು ಅಲ್ಲಿನ ಹಿರಿಯ ಗುಮಾಸ್ತರು. ಮೂರು ಸಲ ಹೇಳಿದ್ದು ನನಗೇ ಆಗಿತ್ತು.

ಮೇಲಿನವರು ಮೆಮೋ ಕೊಡಬೇಕೆಂದರು. ನಾನು ಬೇಡವೆಂದೆ. ಅನಧಿಕೃತ ರೌಟರುಗಳ ಪೈಕಿ ಕಳ್ಳರು ತಂದಿಟ್ಟವು ಇರಬಹುದು, ಆದರೆ ನಾನು ಈವರೆಗೆ ಕಿತ್ತದ್ದೆಲ್ಲ ಸಿಗ್ನಲ್ ಸಿಗದೆ ಬೇಸತ್ತವರು ಹಚ್ಚಿದವುಗಳೇ. ಆದ್ದರಿಂದ ಇಂಥ ಅನಧಿಕೃತ ಸಾಧನಗಳ ಹುಡುಕಾಟವೂ ಸಿಗ್ನಲ್ಲಿನ ಅಳತೆಯೂ ಬೇರೆಬೇರೆ ಕೆಲಸಗಳೆಂದು ನಾನು ಒಪ್ಪುವುದಿಲ್ಲ.

ಅಳತೆಗೆ ದುಬಾರಿ ಉಪಕರಣ ಬೇಕಾಗಲಿಲ್ಲ. ಕಟ್ಟಡದ ನಕ್ಷೆಯ ಒಂದು ಪ್ರತಿ, ಪೆನ್ಸಿಲ್, ಮೊಬೈಲಿನಲ್ಲಿ ಒಂದು ಉಚಿತ ವೈಫೈ ಆ್ಯಪ್ ಹಿಡಿದು ಪ್ರತಿ ಮೇಜಿನ ಬಳಿ ನಿಂತು ಸಿಗ್ನಲ್ಲಿನ ಬಲ ತೋರಿಸುವ ಡಿಬಿಎಂ ಅಂಕಿ ಬರೆದುಕೊಂಡೆ. ಈ ಅಂಕಿ ಮೈನಸ್‌ನಲ್ಲಿರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ, 3 ಇಳಿದರೆ ಶಕ್ತಿ ಅರ್ಧವಾದಂತೆ. ವೈಫೈ ಮೇಲೆ ಮಾತಾಡುವ ಕರೆ ಕಡಿಯದಿರಲು ಸುಮಾರು ಮೈನಸ್ 67 ಬೇಕೆನ್ನುತ್ತಾರೆ. ಲೆಕ್ಕಪತ್ರ ವಿಭಾಗದಲ್ಲಿ ಬಂದದ್ದು ಮೈನಸ್ 84. ಭಾನುವಾರ ಅಳೆಯಬೇಡಿ. ಮನುಷ್ಯರ ದೇಹವೂ ಸಿಗ್ನಲ್ ಹೀರುತ್ತದೆ, ಜನ ಕೂತು ಬಾಗಿಲು ಹಾಕಿದಾಗಿನ ಅಂಕಿಯೇ ನಿಜವಾದದ್ದು. ವೈಫೈ ಬಳಸುವ ತರಂಗಪಟ್ಟಿಗಳಲ್ಲೊಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು (ಪ್ರಸಾರದ ದಾರಿಗಳು) 1, 6, 11 ಮೂರೇ. ಆ ರೌಟರ್ 3ರಲ್ಲಿ ಕೂತು 1 ಮತ್ತು 6 ಎರಡನ್ನೂ ಕೆಡಿಸುತ್ತಿತ್ತು.

ಆ್ಯಪ್‌ನಲ್ಲಿ ಕಂಡ ಅಪರಿಚಿತ ಹೆಸರುಗಳೆಲ್ಲ ಕಳ್ಳರವಲ್ಲ. ಪಕ್ಕದ ಜೆರಾಕ್ಸ್ ಅಂಗಡಿಯದೂ ಎದುರಿನ ಮನೆಯದೂ ಅಲ್ಲಿರುತ್ತವೆ. ನಮ್ಮ ಸ್ವಿಚ್ಚಿಗೆ ತಂತಿಯಿಂದ ಸೇರಿದ್ದನ್ನೂ ನಮ್ಮದೇ ಹೆಸರಿಟ್ಟುಕೊಂಡು ಹೊರಗಿನಿಂದ ಪ್ರಸಾರ ಮಾಡುವುದನ್ನೂ ಮಾತ್ರ ನಾನು ಬೆನ್ನಟ್ಟುತ್ತೇನೆ. ಕೆಲವು ಉಪಕರಣಗಳಲ್ಲಿ ಪರಕೀಯ ಸಂಪರ್ಕಗಳನ್ನು ಗಾಳಿಯಲ್ಲೇ ಕಡಿದುಹಾಕುವ ಸೌಲಭ್ಯವಿರುತ್ತದೆ. ಅದನ್ನು ಮುಟ್ಟಬೇಡಿ. ಅತಿಥಿಗಳ ಸ್ವಂತ ಹಾಟ್‌ಸ್ಪಾಟ್‌ಗಳನ್ನು ಹೀಗೆ ತಡೆದದ್ದಕ್ಕಾಗಿಯೇ ಅಮೆರಿಕದ ಮ್ಯಾರಿಯಟ್ ಹೋಟೆಲ್ ಸಂಸ್ಥೆ 2014ರಲ್ಲಿ 6 ಲಕ್ಷ ಡಾಲರ್ ದಂಡ ತೆರಬೇಕಾಯಿತು.

ಈಗ ಲೆಕ್ಕಪತ್ರ ವಿಭಾಗದ ಬಾಗಿಲ ಮೇಲೆ ವೈಫೈ ಪ್ರಸಾರ ಮಾಡುವ ಹೊಸ ಆ್ಯಕ್ಸೆಸ್ ಪಾಯಿಂಟ್ ಇದೆ, ಅಲ್ಲಿನ ಅಂಕಿ ಮೈನಸ್ 58. ಖಾಲಿ ಪೋರ್ಟುಗಳನ್ನು ಮುಚ್ಚಿದ್ದೇನೆ. ತಿಂಗಳಿಗೊಮ್ಮೆ ಅದೇ ನಕ್ಷೆ ಹಿಡಿದು ಸುತ್ತುತ್ತೇನೆ. ಮೆಟ್ಟಿಲ ಕೆಳಗಿನ ರವಾನೆ ಶಾಖೆಯಲ್ಲಿ ಇನ್ನೂ ಮೈನಸ್ 79 ತೋರಿಸುತ್ತಿದೆ. ಹೋದಾಗಲೆಲ್ಲ ಅಲ್ಲಿನ ಕಪಾಟಿನ ಹಿಂದೆಯೂ ಒಮ್ಮೆ ಇಣುಕುತ್ತೇನೆ.