ಜಡ್ಜ್ ಸಾಹೇಬ್ರು ಓಟು ಕೇಳೋಕೆ ಬಂದಾಗ

ನಮ್ಮಪ್ಪ ಹಾಸನದ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಜಡ್ಜು ಅನ್ನುವ ಮಾತು ಬಂದರೆ ಈಗಲೂ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಅವರ ಕಾಲದ ಮುನ್ಸಿಫರೊಬ್ಬರು ವಕೀಲರ ಮನೆ ಮದುವೆಗೆ ಹೋದರೆ ಅಕ್ಷತೆ ಹಾಕಿ, ಊಟಕ್ಕೆ ಕೂರದೆ ಹಾಗೇ ಹೊರಟುಬಿಡುತ್ತಿದ್ದರಂತೆ. ಪಕ್ಕದ ಎಲೆಗೆ ಯಾರು ಬಂದು ಕೂರುತ್ತಾರೋ ಏನೋ, ನಾಳೆ ಅವನೇ ಕಕ್ಷಿದಾರನಾಗಿ ಕಟಕಟೆ ಹತ್ತಿದರೆ?

ಇಂಥ ಅಪ್ಪನಿಗೆ 2024ರ ಅಕ್ಟೋಬರಿನಲ್ಲಿ ಫೋನ್ ಮಾಡಿ, "ಇವತ್ತು ಜಡ್ಜ್‌ಗಳಿಗೆ ಓಟು ಹಾಕಿ ಬಂದೆ" ಅಂದೆ.

"ಯಾರಿಗೆ?"

"ಜಡ್ಜ್‌ಗಳಿಗೆ ಅಪ್ಪ. ಇಲ್ಲಿ ಅವರೂ ಎಲೆಕ್ಷನ್‌ಗೆ ನಿಲ್ತಾರೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಓಟು ಯಾರ ಹತ್ರ ಕೇಳ್ತಾರಮ್ಮ? ಕಕ್ಷಿದಾರರ ಹತ್ರಾನಾ?"

ನಾನಿರುವುದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ, ರಾಜಧಾನಿ ರಾಲಿಯ ಮಗ್ಗುಲಲ್ಲೇ. ಸಿಟಿಜನ್‌ಶಿಪ್ ಬಂದಮೇಲೆ ಅದು ನನ್ನ ಮೊದಲ ಓಟು. ಅಧ್ಯಕ್ಷರದ್ದು, ಗವರ್ನರ್‌ದ್ದು ಎಲ್ಲ ಮೊದಲೇ ತೀರ್ಮಾನವಾಗಿತ್ತು. ಕಾಗದದ ಮೇಲೆ ಅಂಡಾಕಾರದ ಗೂಡು ತುಂಬುತ್ತಾ ತುಂಬುತ್ತಾ ಕೆಳಗಿಳಿದರೆ ರಾಜ್ಯದ ಸುಪ್ರೀಂ ಕೋರ್ಟಿನ ಒಂದು ಸ್ಥಾನ, ಕೋರ್ಟ್ ಆಫ್ ಅಪೀಲ್ಸ್‌ನ ಮೂರು, ಅದರ ಕೆಳಗೆ ಇನ್ನೂ. ಪ್ರತಿ ಹೆಸರಿನ ಕೆಳಗೂ ಪಕ್ಷದ ಹೆಸರು. ಹೊರಗೆ ಟೆಂಟ್ ಹಾಕಿಕೊಂಡಿದ್ದವರು ಕೈಗೆ ತುರುಕಿದ ಚೀಟಿಯನ್ನು ಮೆಲ್ಲಗೆ ಬಿಡಿಸಿ ನೋಡಿದೆ ಅಂತ ಒಪ್ಪಿಕೊಳ್ಳೋಕೆ ನಾಚಿಕೆಯೇನಿಲ್ಲ. ನನ್ನ ಅಕ್ಕಪಕ್ಕ ನಿಂತಿದ್ದವರೂ ಅದನ್ನೇ ಮಾಡುತ್ತಿದ್ದರು.

ಆ ಸುಪ್ರೀಂ ಕೋರ್ಟ್ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದಿಂದ ನಿಂತಿದ್ದವರು ಜೆಫರ್ಸನ್ ಗ್ರಿಫಿನ್, ಕೋರ್ಟ್ ಆಫ್ ಅಪೀಲ್ಸ್‌ನ ಹಾಲಿ ಜಡ್ಜ್. ಅದು ಹದಿನೈದು ಜನರ ಕೋರ್ಟು. ಮೂರು ಮೂರು ಜನ ಕೂತು ಕೆಳಗಿನ ಕೋರ್ಟಿಂದ ಬಂದ ಮೇಲ್ಮನವಿ ಕೇಳುತ್ತಾರೆ. ಎಂಟು ವರ್ಷದ ಅವಧಿ, ಇಡೀ ರಾಜ್ಯವೇ ಮತಕ್ಷೇತ್ರ. ಗ್ರಿಫಿನ್ ನ್ಯಾಶ್ ಕೌಂಟಿಯ ಕಡೆಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ವೇಕ್ ಕೌಂಟಿಯಲ್ಲಿ ಸರ್ಕಾರಿ ವಕೀಲರಾಗಿದ್ದರು, 2015ರಲ್ಲಿ ಗವರ್ನರ್ ಪ್ಯಾಟ್ ಮೆಕ್ರೋರಿ ಜಿಲ್ಲಾ ಕೋರ್ಟಿಗೆ ನೇಮಿಸಿದರು. ನ್ಯಾಷನಲ್ ಗಾರ್ಡ್‌ನಲ್ಲಿ ಸೇನಾ ವಕೀಲರೂ ಹೌದು. 2020ರಲ್ಲಿ ಕ್ರಿಸ್ ಬ್ರೂಕ್ ಎಂಬ ಹಾಲಿ ಜಡ್ಜನ್ನು ಸೋಲಿಸಿ ಅಪೀಲ್ ಕೋರ್ಟ್ ಸೇರಿದರು. ನಾಲ್ಕೇ ವರ್ಷಕ್ಕೆ ಇನ್ನೊಂದು ಮೆಟ್ಟಿಲು. ಇಲ್ಲಿವರೆಗೆ ತಪ್ಪೇನೂ ಕಾಣಲ್ಲ, ಇಲ್ಲಿನ ಏಣಿ ಇರೋದೇ ಹೀಗೆ. ಡೆಮಾಕ್ರಟಿಕ್ ಪಕ್ಷದ ಎದುರಾಳಿ ಆಲಿಸನ್ ರಿಗ್ಸ್ ಕೂಡ ಕೆಲವು ತಿಂಗಳು ಅದೇ ಅಪೀಲ್ ಕೋರ್ಟಿನಲ್ಲಿದ್ದವರೇ. ಗವರ್ನರ್ ರಾಯ್ ಕೂಪರ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ನೇಮಿಸಿದ್ದರು, ಈಗ ಜನರ ಮುದ್ರೆ ಬೇಕಿತ್ತು. ಆಕೆ ಗರ್ಭಪಾತದ ವಿಷಯ ಎತ್ತಿಕೊಂಡು ಜಾಹೀರಾತು ಕೊಟ್ಟರು. ಅದೂ ನನಗೆ ರುಚಿಸಲಿಲ್ಲ. ಓಟು ಹಾಕಿದ್ದು ಮಾತ್ರ ಆಕೆಗೇ.

ಎಣಿಕೆಯ ರಾತ್ರಿ ಗ್ರಿಫಿನ್ ಹತ್ತಿರತ್ತಿರ 10,000 ಓಟು ಮುಂದಿದ್ದರು. ಅಂಚೆಯವು, ತಾತ್ಕಾಲಿಕವಾಗಿ ತೆಗೆದಿಟ್ಟವು ಎಲ್ಲ ಎಣಿಸಿದ ಮೇಲೆ ರಿಗ್ಸ್ ಮುಂದೆ: 734 ಓಟು. ಬಿದ್ದಿದ್ದ ಓಟು 55 ಲಕ್ಷಕ್ಕೂ ಮೇಲು! ಯಂತ್ರದಲ್ಲಿ ಮರುಎಣಿಕೆ ಆಯಿತು, ಒಂದು ಭಾಗವನ್ನು ಕೈಯಲ್ಲೂ ಎಣಿಸಿದರು. ಸಂಖ್ಯೆ ಜಗ್ಗಲಿಲ್ಲ.

ಆಮೇಲೆ ಬಂತು ಗ್ರಿಫಿನ್ ಅವರ ತಕರಾರು. ಒಂದು ಓಟಲ್ಲ ಎರಡು ಓಟಲ್ಲ, 65,000ಕ್ಕೂ ಹೆಚ್ಚು ಓಟುಗಳನ್ನು ರದ್ದು ಮಾಡಿ ಅಂತ. ಬಹುಪಾಲಿನವರ ಮೇಲಿದ್ದ ಆಕ್ಷೇಪ ಏನಪ್ಪಾ ಅಂದರೆ, ಅವರ ನೋಂದಣಿಯಲ್ಲಿ ಡ್ರೈವಿಂಗ್ ಲೈಸೆನ್ಸ್ ನಂಬರಾಗಲಿ ಸೋಷಿಯಲ್ ಸೆಕ್ಯುರಿಟಿ ಅನ್ನುವ ಇಲ್ಲಿನ ಗುರುತಿನ ನಂಬರಿನ ಕೊನೆಯ ನಾಲ್ಕು ಅಂಕಿಯಾಗಲಿ ಇಲ್ಲ. ಆದರೆ ಸರ್ಕಾರದ ಹಳೇ ಫಾರಂನಲ್ಲಿ ಅದು ಕಡ್ಡಾಯ ಅಂತ ಸರಿಯಾಗಿ ಬರೆದೇ ಇರಲಿಲ್ಲ. ಎಷ್ಟೋ ಜನ ನಂಬರ್ ಕೊಟ್ಟಿದ್ದರೂ ಎರಡು ಕಡೆಯ ಹೆಸರು ತಾಳೆಯಾಗದೆ ಆ ಜಾಗ ಖಾಲಿ ಉಳಿದಿತ್ತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಲೈಸೆನ್ಸಿನಲ್ಲಿ ಊರಿನ ಹೆಸರು, ಮೂರ್ತಿಗೂ ಕೃಷ್ಣನಿಗೂ ನಡುವೆ ಒಂದು ಕಡೆ ಜಾಗ ಬಿಟ್ಟಿರುತ್ತೆ, ಇನ್ನೊಂದು ಕಡೆ ಅಂಟಿಸಿರುತ್ತೆ. ಆ ಪಟ್ಟಿ ಅಂತರ್ಜಾಲಕ್ಕೆ ಬಂದ ರಾತ್ರಿ ನಾನು ನನ್ನ ಹೆಸರನ್ನು ಮೂರು ಥರ ಬರೆದು ಹುಡುಕಿದೆ. ಇರಲಿಲ್ಲ. ಸಮಾಧಾನವಾಯಿತು. ಇವರಿಗೆ ಹೆದರಿ ನಾನು ಯಾಕೆ ಹುಡುಕಬೇಕಿತ್ತು ಅಂತ ಮರುಕ್ಷಣವೇ ಸಿಟ್ಟೂ ಬಂತು.

ಆ ಪಟ್ಟಿಯಲ್ಲಿ ರಿಗ್ಸ್ ಅವರ ಅಪ್ಪ ಅಮ್ಮನ ಹೆಸರೂ ಇತ್ತು!

ಇನ್ನೊಂದು ಗುಂಪು, ಫೋಟೋ ಐಡಿ ಲಗತ್ತಿಸದೆ ಹೊರದೇಶದಿಂದ ಓಟು ಕಳಿಸಿದವರು, ಅದರಲ್ಲಿ ಸೈನಿಕರೂ ಇದ್ದರು. ಅವರಿಗೆ ಐಡಿ ಬೇಕಿಲ್ಲ ಅಂತ ಚುನಾವಣಾ ಮಂಡಳಿಯೇ ಮೊದಲು ಹೇಳಿತ್ತು. ಇವರ ಮೇಲಿನ ತಕರಾರು ರಾಜ್ಯದ ನೂರು ಕೌಂಟಿಗಳಿಗಲ್ಲ, ಡೆಮಾಕ್ರಟರ ಕೈ ಮೇಲಿರುವ ನಾಲ್ಕಕ್ಕೆ ಮಾತ್ರ. ತಮಾಷೆ ಏನೆಂದರೆ, 2019 ಮತ್ತು 2020ರಲ್ಲಿ ಸೇನಾ ಸೇವೆಯಲ್ಲಿದ್ದಾಗ ಗ್ರಿಫಿನ್ ಕೂಡ ಇದೇ ಬಗೆಯ ಮತಪತ್ರದಲ್ಲಿ ಓಟು ಹಾಕಿದ್ದನ್ನು ಇಲ್ಲಿನ ಪತ್ರಿಕೆಗಳು ಹುಡುಕಿ ತೆಗೆದವು.

ನನ್ನ ತಕರಾರು ಇಷ್ಟೇ. ಆ ಹಳೇ ಫಾರಂ, ಆ ಖಾಲಿ ಜಾಗ ಎಲ್ಲ 2020ರಲ್ಲೂ ಇತ್ತು. ಅವತ್ತು ಅದೇ ಪಟ್ಟಿಯ ಜನ ಇವರನ್ನು ಅಪೀಲ್ ಕೋರ್ಟಿಗೆ ಕಳಿಸಿದಾಗ ನೋಂದಣಿ ಅಪೂರ್ಣ ಅಂತ ಯಾರಿಗೂ ಅನಿಸಲಿಲ್ಲ. ರಾಜಕಾರಣಿ ಸೋತಾಗ ಹೀಗೆ ಮಾಡಿದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಇವರು ದಿನವೂ ಬೇರೆಯವರ ಅಪೀಲು ಕೇಳಿ, "ಈ ಆಕ್ಷೇಪವನ್ನು ಆಗಲೇ ಯಾಕೆ ಎತ್ತಲಿಲ್ಲ" ಅಂತ ವಕೀಲರನ್ನು ಪ್ರಶ್ನಿಸುವ ಕುರ್ಚಿಯಲ್ಲಿ ಕೂತವರು. ಅದೇ 2020ರಲ್ಲಿ ಈ ರಾಜ್ಯದ ಮುಖ್ಯ ನ್ಯಾಯಮೂರ್ತಿ ಶೆರಿ ಬೀಸ್ಲಿ 401 ಓಟಿನಿಂದ ಪಾಲ್ ನ್ಯೂಬಿಗೆ ಸೋತರು. ಮರುಎಣಿಕೆ ಮಾಡಿಸಿದರು, ತಕರಾರನ್ನೂ ಎತ್ತಿದರು, ಡಿಸೆಂಬರ್ ಮಧ್ಯದೊಳಗೆ ಸೋಲೊಪ್ಪಿಕೊಂಡರು.

ಗ್ರಿಫಿನ್ ಅವರದ್ದು ಆರು ತಿಂಗಳು ಎಳೆಯಿತು. ಚುನಾವಣಾ ಮಂಡಳಿ ತಳ್ಳಿಹಾಕಿತು, ವೇಕ್ ಕೌಂಟಿಯ ಕೋರ್ಟೂ ಒಪ್ಪಲಿಲ್ಲ. ಕೇಸು ಮುಂದೆ ಹೋಗಿದ್ದು ಎಲ್ಲಿಗೆ? ಅವರದೇ ಕೋರ್ಟಿಗೆ. ಗ್ರಿಫಿನ್ ಪೀಠದಲ್ಲಿ ಕೂರಲಿಲ್ಲ, ನಿಜ. ಆದರೆ ಕೂತ ಮೂವರೂ ಅವರ ಸಹೋದ್ಯೋಗಿಗಳೇ. 2025ರ ಏಪ್ರಿಲ್ 4ರಂದು 2-1ರಲ್ಲಿ ಅವರ ಪರ ತೀರ್ಪು: ಮತದಾರರು 15 ಕೆಲಸದ ದಿನಗಳಲ್ಲಿ ದಾಖಲೆ ಸರಿಪಡಿಸಬೇಕು, ಇಲ್ಲದಿದ್ದರೆ ಓಟು ಹೋಯಿತು. ಒಂದೇ ವಾರದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನೋಂದಣಿಯಲ್ಲಿ ನಂಬರ್ ಇಲ್ಲದ ಆ 60,000 ಚಿಲ್ಲರೆ ಓಟುಗಳನ್ನು ಉಳಿಸಿತು, ಹೊರದೇಶದವರದ್ದನ್ನು ತೂಗಾಡಲು ಬಿಟ್ಟಿತು. ಕೊನೆಗೆ ಮೇ 5ರಂದು ಫೆಡರಲ್ ಜಡ್ಜ್ ರಿಚರ್ಡ್ ಮೈಯರ್ಸ್, ಗ್ರಿಫಿನ್ ಪಕ್ಷದವರೇ ಆದ ಟ್ರಂಪ್ ನೇಮಿಸಿದವರು, ಆಟ ಮುಗಿದ ಮೇಲೆ ನಿಯಮ ಬದಲಿಸುವ ಹಾಗಿಲ್ಲ ಅಂದರು. ಎರಡು ದಿನಕ್ಕೆ ಗ್ರಿಫಿನ್ ಸೋಲೊಪ್ಪಿಕೊಂಡರು.

ಜಡ್ಜ್‌ಗಳಿಗೆ ಚುನಾವಣೆಯೇ ಬೇಡ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ. ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸುವ ನಮ್ಮ ಕೊಲಿಜಿಯಂನಲ್ಲಿ ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತೆ ಅಂತ ಕಕ್ಷಿದಾರನಿಗಿರಲಿ, ಶಿರಸ್ತೇದಾರನಿಗೂ ಗೊತ್ತಾಗಲ್ಲ. ಇಲ್ಲಿ ಕೊನೇಪಕ್ಷ ಯಾವ ಪಕ್ಷದವರು ಅಂತ ಹಣೆ ಮೇಲೆ ಬರೆದಿರುತ್ತೆ. ಅಪ್ಪ ಮಾತ್ರ ಕೆ.ಎಸ್. ಹೆಗ್ಡೆಯವರನ್ನು ಎಳೆದು ತಂದರು. 1973ರಲ್ಲಿ ಹಿರಿತನ ಕಡೆಗಣಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಬಿಸಾಕಿ ಬಂದವರು, 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು.

"ಅವ್ರು ನಿಂತಿದ್ರಲ್ಲ ಎಲೆಕ್ಷನ್‌ಗೆ. ಆದ್ರೆ ಕೋಟು ಬಿಚ್ಚಿಟ್ಟು ನಾಲ್ಕು ವರ್ಷ ಆಗಿತ್ತು ಕಣಮ್ಮ."

ಮೇ ತಿಂಗಳಲ್ಲಿ ಗ್ರಿಫಿನ್ ಸೋಲೊಪ್ಪಿಕೊಂಡ ಸುದ್ದಿ ಹೇಳಿದಾಗ ಅಪ್ಪ ಮಾವಿನಹಣ್ಣು ಹೆಚ್ಚುತ್ತಿದ್ದರು. ಕೇಳಿದ ಪ್ರಶ್ನೆ ಒಂದೇ, ಈಗ ಮನೆಗೆ ಹೋದ್ರಾ?

"ಇಲ್ಲಪ್ಪ. ಸೋತಿದ್ದು ಮೇಲಿನ ಕೋರ್ಟಿಗೆ. ಅಪೀಲ್ ಕೋರ್ಟಿನ ಅವಧಿ 2028ರ ಕೊನೆವರೆಗೂ ಇದೆ."

"ಅಂದ್ರೆ ಆ 65,000 ಜನದಲ್ಲಿ ಯಾರಾದ್ರೂ ಒಬ್ಬನ ಸೈಟ್ ಕೇಸು ಅಪೀಲ್‌ಗೆ ಬಂತು ಅಂದ್ಕೊ. ಕೂಗ್ತಾರಲ್ಲ ಹೆಸರು?"

ಕೂಗ್ತಾರೆ ಅಂದೆ. ಅಪ್ಪ ವಾಟೆ ಚೀಪುತ್ತಾ ಸುಮ್ಮನಾದರು.