ಒಡೆಯೋಕೆ ಯಾಕಿಷ್ಟು ಅವಸರ?

ಬಾತ್‌ರೂಮ್ ರಿಪೇರಿ ಅಂದರೆ ಮನೆಮಂದಿಯೆಲ್ಲ ಟೈಲ್ಸ್ ಬಣ್ಣದ ಬಗ್ಗೆ ವಾರಗಟ್ಟಲೆ ಜಗಳ ಆಡುತ್ತಾರೆ. ಮೊದಲ ಸುತ್ತಿಗೆ ಏಟು ಯಾವಾಗ ಬೀಳಬೇಕು ಅನ್ನೋದನ್ನು ಮಾತ್ರ ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಅವರೋ, "ನಾಳೆನೇ ಒಡೆದುಬಿಡೋಣ ಸಾರ್" ಅಂತಾರೆ. ಒಪ್ಪಬೇಡಿ. ಕಮೋಡ್, ನಲ್ಲಿ, ಡೈವರ್ಟರ್ (ನೀರನ್ನು ನಲ್ಲಿಗೋ ಶವರ್‌ಗೋ ತಿರುಗಿಸೋದು), ಟೈಲ್ಸ್ ಎಲ್ಲ ಮನೆಗೆ ಬಂದ ಮೇಲೆ ಒಡೆಸಿ. ಗೋಡೆಯೊಳಗೆ ಕೂರುವ ಡೈವರ್ಟರ್ ಕೈಯಲ್ಲಿಲ್ಲದೆ ಎಷ್ಟು ಆಳ ಕೊರೆಯಬೇಕು ಅಂತ ಪ್ಲಂಬರ್‌ಗೆ ಕನಸು ಬೀಳುತ್ತಾ? ಕಮೋಡ್ ಕತೆಯೂ ಅಷ್ಟೇ, ಗೋಡೆಯಿಂದ ಔಟ್‌ಲೆಟ್‌ಗೆ ಇರುವ ದೂರ ಒಂದೊಂದು ಮಾಡೆಲ್‌ಗೆ ಒಂದೊಂದು ಥರ. ಟೈಲ್ಸ್ 10 ಪರ್ಸೆಂಟ್ ಜಾಸ್ತಿ ತರಿಸಿ, ಎಲ್ಲ ಡಬ್ಬಗಳ ಮೇಲೂ ಶೇಡ್ ನಂಬರ್, ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ.

ಆಮೇಲೆ ನೀರು. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಟ್ಯಾಂಕಿನಿಂದ ಬಾತ್‌ರೂಮಿಗೂ ಅಡುಗೆಮನೆಗೂ ಒಂದೇ ಲೈನು. ಬಾತ್‌ರೂಮ್ ಲೈನಿಗೇ ಬೇರೆ ಒಂದು ವಾಲ್ವ್ ಹಾಕಿಸದಿದ್ದರೆ ಅನ್ನಕ್ಕಿಡೋ ಹೊತ್ತಿಗೇ ನೀರು ನಿಲ್ಲುತ್ತೆ. ತಾರಸಿ ಮೇಲಿನ ಗೇಟ್ ವಾಲ್ವನ್ನು ಮುಂಚೆಯೇ ಒಂದ್ಸಲ ತಿರುಗಿಸಿ ನೋಡಿ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಬಿಗಿದುಕೊಂಡಿರುತ್ತೆ, ಜೋರು ಮಾಡಿದರೆ ಹಿಡಿಯೇ ಕೈಗೆ ಬರುತ್ತೆ. ಕರೆಂಟ್ ಬೋರ್ಡಿನಲ್ಲಿರೋ ಗೀಸರ್ ಸ್ವಿಚ್ಚು, ಅಂದರೆ ಎಂಸಿಬಿ, ಆಫ್ ಮಾಡಿ. ನೀರು ಹರಿದುಹೋಗೋ ನೆಲದ ಟ್ರ್ಯಾಪ್‌ಗೆ ಗೋಣಿಚೀಲ ತುರುಕಿ, ಇಲ್ಲಾಂದ್ರೆ ಸಿಮೆಂಟ್ ಚೂರೆಲ್ಲ ಪೈಪಿನೊಳಗೆ.

ಧೂಳಿನ ವಿಷಯ ಕೇಳಲೇಬೇಡಿ. ಟೈಲ್ಸ್ ಕತ್ತರಿಸೋ ಗ್ರೈಂಡರ್‌ನ ಧೂಳು ಮುಖದ ಪೌಡರ್ ಥರ ನಯ, ಬೀಗ ಹಾಕಿದ ಬೀರುವಿನ ಸೀರೆ ಮಡಿಕೆಯಲ್ಲೂ ಹೋಗಿ ಕೂರುತ್ತೆ. ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಹಾಕಿ, ಅಂಚಿಗೆಲ್ಲ ಟೇಪ್ ಅಂಟಿಸಿ, ಕೆಳಗೆ ಒದ್ದೆ ಬೆಡ್‌ಶೀಟ್ ಒತ್ತಿಡಿ. ಫ್ಯಾನ್ ಮಾತ್ರ ಹಾಕಬೇಡಿ. ಅದೇ ಧೂಳು ಕತ್ತರಿಸುವ ಹುಡುಗನ ಶ್ವಾಸಕೋಶಕ್ಕೂ ಹೋಗುತ್ತೆ, ಅವನಿಗೊಂದು ಒಳ್ಳೇ ಮಾಸ್ಕ್ ತಂದುಕೊಡಿ.

ಅಪಾರ್ಟ್‌ಮೆಂಟ್ ಆದರೆ ಕೆಳಗಿನ ಮನೆಯವರಿಗೆ ಮೊದಲೇ ಹೇಳಿ. ವಾಟರ್‌ಪ್ರೂಫಿಂಗ್ ಆದಮೇಲೆ 24 ರಿಂದ 48 ಗಂಟೆ ನೆಲದ ಮೇಲೆ ನೀರು ಕಟ್ಟಿ ನಿಲ್ಲಿಸಿ ನೋಡಬೇಕು, ಸೋರಿದರೆ ಗೊತ್ತಾಗೋದು ಅವರ ಸೀಲಿಂಗ್‌ನಲ್ಲೇ ಅಲ್ವಾ! ಒಡೆದ ಕಲ್ಲುಮಣ್ಣು ಎಲ್ಲಿಗೆ ಹೋಗುತ್ತೆ ಅಂತಲೂ ಕೇಳಿ. ಕಟ್ಟಡ ತ್ಯಾಜ್ಯದ ಬಗೆಗಿನ ಕೇಂದ್ರದ 2016ರ ನಿಯಮದಲ್ಲೇ ಅದನ್ನು ರಸ್ತೆಗೆ, ಚರಂಡಿಗೆ ಸುರಿಯಬಾರದು ಅಂತಿತ್ತು. ಆದರೂ ರಾತ್ರೋರಾತ್ರಿ ಪಕ್ಕದ ಖಾಲಿ ಸೈಟಿಗೆ ಸುರಿಯೋರೇ ಜಾಸ್ತಿ.

ಕೊನೆಗೆ, ಯಾರೂ ಯೋಚಿಸದ ಒಂದು ವಿಷಯ. ಇರೋ ಒಂದೇ ಬಾತ್‌ರೂಮ್ ಒಡೆದರೆ ನೀವು ನೆಂಟರ ಮನೆಗೆ ಹೋಗುತ್ತೀರಿ, ಸರಿ. ದಿನವಿಡೀ ಅಲ್ಲೇ ಕೆಲಸ ಮಾಡೋರು ಎಲ್ಲಿಗೆ ಹೋಗಬೇಕು? ಅದನ್ನೂ ಒಡೆಸೋ ಮುಂಚೆಯೇ ಅವರ ಹತ್ತಿರ ಮಾತಾಡಿಕೊಳ್ಳಿ.